ಗೆರೆಯವರೆಗೆ

ಮೂಡುಬಿದಿರೆ
3 ಜುಲೈ 2024

ಶ್ರೀ ಅಬ್ದುಲ್ ಶುಕೂರ್ ಅವರಿಗೆ,
ಫರಂಗಿಪೇಟೆ

ವಿಷಯ: ನಮ್ಮ ಮನೆಯ ವ್ಯಾನಿನ ಬ್ರೇಕು ನಿಮ್ಮ ಗ್ಯಾರೇಜಿನಲ್ಲಿ ಮೂರು ಸಲ ದುರಸ್ತಿಯಾದ ನಂತರವೂ ಕೈಕೊಟ್ಟ ಬಗ್ಗೆ.

ನೀವು ಮಾಡಿದ ಕರೆಗಳನ್ನು ನೋಡಿದ್ದೇನೆ. ಬೇಕೆಂದೇ ಎತ್ತಿಲ್ಲ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ ಎಂಬುದನ್ನು ಬಂಟ್ವಾಳ ತಾಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದು ಕಲಿತಿದ್ದೇನೆ. ಆದ್ದರಿಂದ ಬರೆಯುತ್ತಿದ್ದೇನೆ. ನೀವೂ ಬರೆದೇ ಉತ್ತರಿಸಬೇಕು.

ಜೂನ್ 27ರಂದು ಬೆಳಿಗ್ಗೆ ನನ್ನ ಮಗಳು ಸುಪ್ರೀತಾ ಎಂದಿನಂತೆ ಗುರುವಾಯನಕೆರೆಯಲ್ಲಿ ತಾನು ಕಲಿಸುವ ಶಾಲೆಗೆ ವ್ಯಾನು ಓಡಿಸಿಕೊಂಡು ಹೊರಟಿದ್ದಳು. ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ ಓದುವ ಮೊಮ್ಮಗಳು ವಿಸ್ಮಿತಾ ಪಕ್ಕದಲ್ಲಿ ಕುಳಿತಿದ್ದಳು. ವೇಣೂರಿಗೆ ಇಳಿಯುವ ತಿರುವಿನಲ್ಲಿ ಬ್ರೇಕಿನ ಪೆಡಲು ನೆಲಕ್ಕೆ ತಾಗಿತು. ಎದುರಿನಿಂದ ಬಸ್ಸು ಬರುತ್ತಿತ್ತು. ಸುಪ್ರೀತಾ ವ್ಯಾನನ್ನು ಎಡಕ್ಕೆ ಎಳೆದು ರಸ್ತೆ ಬದಿಯ ಮುರಕಲ್ಲಿನ ದರೆಗೆ ಗುದ್ದಿ ನಿಲ್ಲಿಸಿದಳು. ಅವಳ ಬಲಗೈಯ ಮಣಿಕಟ್ಟು ಎರಡು ಕಡೆ ಮುರಿದಿದೆ. ವಿಸ್ಮಿತಾಳಿಗೆ ಗಾಯ ಇಲ್ಲ. ಆದರೆ ವ್ಯಾನಿನ ಹತ್ತಿರ ಬರಲು ಒಪ್ಪುತ್ತಿಲ್ಲ. ಅದು ಅಂಗಳದಲ್ಲಿ ನಿಂತಂದಿನಿಂದ ಹಿತ್ತಿಲ ಬಾಗಿಲಿನಿಂದಲೇ ಓಡಾಡುತ್ತಿದ್ದಾಳೆ.

ಮಾರ್ಚ್ 18, ಏಪ್ರಿಲ್ 19, ಮೇ 22. ಇವು ವ್ಯಾನು ನಿಮ್ಮಲ್ಲಿ ದುರಸ್ತಿಯಾದ ದಿನಗಳು. ಮೂರೂ ಸಲ ಬ್ರೇಕು ಹಿಡಿದುಕೊಳ್ಳುತ್ತದೆ ಎಂಬುದೇ ದೂರು. ಮೂರೂ ಸಲ ನೀವು ಕೈ ಒರೆಸಿಕೊಳ್ಳುತ್ತ ಹೇಳಿದ ಮಾತೂ ಒಂದೇ: "ಇನ್ನು ಹೆದರಿಕೆ ಇಲ್ಲ ಸಂಕಪ್ಪಣ್ಣ."

ಈ ಮೂರರಲ್ಲಿ ಯಾವ ಸಲ ನೀವು ಕೆಲಸವನ್ನು ಸರಿಯಾಗಿ ಮಾಡಿಲ್ಲ ಎಂಬುದನ್ನು ತಿಳಿಸಿ.

ಇತಿ,
ಸಂಕಪ್ಪ


ಫರಂಗಿಪೇಟೆ
10 ಜುಲೈ 2024

ಸಂಕಪ್ಪಣ್ಣನಿಗೆ ಶುಕೂರ್ ಮಾಡುವ ನಮಸ್ಕಾರ.

ನಿಮ್ಮ ರಿಜಿಸ್ಟರ್ ಪೋಸ್ಟ್ ಬಂತು. ಪೋಸ್ಟ್‌ಮ್ಯಾನ್ ಸಹಿ ಕೇಳುವಾಗ ನನ್ನ ಮಗ ಅಸ್ಕರ್ ಕೋರ್ಟಿನ ಕಾಗದ ಅಂತ ಹೆದರಿದ. ಓದಿದ ಮೇಲೆ ನನಗೆ ಅನಿಸಿತು, ಕೋರ್ಟಿನ ಕಾಗದವಾದರೂ ಇದಕ್ಕಿಂತ ಮೆತ್ತಗೆ ಇರ್ತದೆ.

ಸುಪ್ರೀತಾಳ ಕೈ ಹೇಗುಂಟು? ಅದನ್ನು ಕೇಳಲಿಕ್ಕೇ ಹನ್ನೆರಡು ಸಲ ಫೋನ್ ಮಾಡಿದ್ದು. ನನ್ನ ಹೆಂಡತಿ ಬೀಯಮ್ಮ "ನಾವು ಒಮ್ಮೆ ಹೋಗಿ ನೋಡಿ ಬರುವ" ಅಂತ ಎರಡು ದಿನ ಹೊರಟು ನಿಂತಳು. ಫೋನ್ ಎತ್ತದ ಮನೆಗೆ ಹೇಗೆ ಹೋಗುವುದು ಅಂತ ನಾನೇ ತಡೆದೆ.

ಯಾವ ಸಲ ಸರಿ ಮಾಡಲಿಲ್ಲ ಅಂತ ಕೇಳಿದ್ದೀರಿ. ಮೂರು ಸಲವೂ ಸರಿ ಮಾಡಿದ್ದೇನೆ. ಮೂರು ಸಲವೂ ಒಳಗಿನ ರಬ್ಬರ್ ಉಬ್ಬಿತ್ತು. ಹೊಸ ರಬ್ಬರ್ ಒಂದು ತಿಂಗಳಲ್ಲಿ ಹಾಗೆ ಉಬ್ಬುವುದಿಲ್ಲ. ಮೊದಲ ಸಲ ಹಾಕಿದ್ದು ಡೂಪ್ಲಿಕೇಟ್ ಆಗಿರಬೇಕು ಅಂತ ಎರಡನೇ ಸಲ ಅಸ್ಕರನನ್ನು ಮಂಗಳೂರಿಗೆ ಕಳಿಸಿ ತರಿಸಿದೆ. ಮೇ ತಿಂಗಳಲ್ಲಿ ಬಿಚ್ಚಿದರೆ ಅದೂ ಉಬ್ಬಿತ್ತು. ಉಬ್ಬಿದ ರಬ್ಬರ್ ಬ್ರೇಕನ್ನು ಬಿಡುವುದಿಲ್ಲ, ಹಿಡಿದೇ ಇರ್ತದೆ. ಹಿಡಿದು ಹಿಡಿದು ಚಕ್ರ ಕಾಯ್ತದೆ. ಕಾದರೆ ಬ್ರೇಕ್ ಆಯಿಲ್ ಕುದೀತದೆ. ಕುದಿದರೆ ಪೆಡಲ್ ನೆಲಕ್ಕೆ ಹೋಗ್ತದೆ.

ಅದಕ್ಕೆ ಎರಡು ಪ್ರಶ್ನೆ. ಬೇಸರ ಮಾಡಬೇಡಿ, ಡಾಕ್ಟರ್ ಕೇಳಿದ ಹಾಗೆ ಕೇಳುವುದು. ಒಂದು, ಸುಪ್ರೀತಾಳಿಗೆ ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಓಡಿಸುವ ಅಭ್ಯಾಸ ಉಂಟಾ? ಎರಡು, ನಮ್ಮಲ್ಲಿ ಬಿಟ್ಟರೆ ಬೇರೆ ಯಾರಾದರೂ ಆಯಿಲ್ ಹಾಕಿದ್ದಾರಾ?

ವ್ಯಾನ್ ಕಳಿಸಿ. ನಾಲ್ಕನೇ ಸಲ ಬಿಚ್ಚಿ ನೋಡುವ. ಆ ವ್ಯಾನ್ ತೆಗೊಳ್ಳಿ ಅಂತ ನಿಮಗೆ ಹೇಳಿದ್ದೇ ನಾನಲ್ಲವಾ.

ನಿಮ್ಮ
ಶುಕೂರ್


ಮೂಡುಬಿದಿರೆ
19 ಜುಲೈ 2024

ಶ್ರೀ ಅಬ್ದುಲ್ ಶುಕೂರ್ ಅವರಿಗೆ,

ಉಲ್ಲೇಖ: ನಿಮ್ಮ ದಿನಾಂಕ 10ರ ಪತ್ರ.

ತಪ್ಪು ಯಾರದೆಂದು ಕೇಳಿದರೆ ನೀವು ನನ್ನ ಮಗಳ ಕಾಲನ್ನು ತೋರಿಸುತ್ತೀರಿ. ಹದಿನಾರು ವರ್ಷಗಳಿಂದ ಓಡಿಸುವವಳು ಅವಳು. ಕೈ ಮುರಿದುಕೊಂಡು ಮಲಗಿದವಳ ಬಗ್ಗೆ ಈ ಪ್ರಶ್ನೆ ಬರೆಯಲು ನಿಮ್ಮ ಪೆನ್ನು ಹೇಗೆ ಎದ್ದಿತೋ ತಿಳಿಯದು.

ಎರಡನೆಯ ಪ್ರಶ್ನೆಗೆ ಉತ್ತರ: ಎಣ್ಣೆಯ ಮಟ್ಟವನ್ನು ಪ್ರತಿ ತಿಂಗಳ ಒಂದನೇ ತಾರೀಕು ಪರಿಶೀಲಿಸಲಾಗುತ್ತಿದೆ. ಕಡಿಮೆ ಕಂಡಾಗ, ನೀವೇ ಹೇಳಿದ ಪ್ರಕಾರ, ನೀವೇ ಕೊಟ್ಟದ್ದರಿಂದ, ಗೆರೆಯವರೆಗೆ ತುಂಬಲಾಗಿದೆ. ವ್ಯಾನಿನ ಜತೆ ಬಂದ ಇಂಗ್ಲಿಷ್ ಪುಸ್ತಕವನ್ನು ನಾನು ಪೂರ್ತಿ ಕನ್ನಡಕ್ಕೆ ಇಳಿಸಿ, ಪ್ರತಿ ಮುಚ್ಚಳದ ಮೇಲೂ ಚೀಟಿ ಅಂಟಿಸಿದ್ದು ನಿಮಗೆ ಗೊತ್ತಿದೆ. ನೀವು ಅವುಗಳನ್ನು ಓದಿ ನಕ್ಕಿದ್ದೀರಿ. ನಮ್ಮ ಮನೆಯಲ್ಲಿ ಕೆಲಸ ನಡೆಯುವುದು ಹಾಗೆ. ನಿಮ್ಮಲ್ಲಿ ಹೇಗೆ ನಡೆಯುತ್ತದೆ ಎಂಬುದು ಈಗ ತಿಳಿಯಿತು.

ವ್ಯಾನನ್ನು ಇಲ್ಲಿಯೇ ಬೇರೆ ಗ್ಯಾರೇಜಿಗೆ ಕೊಡಲಾಗಿದೆ. ಇನ್ನೊಬ್ಬರಿಗೆ ಹೀಗಾಗಬಾರದೆಂದು ನಿವೃತ್ತ ನೌಕರರ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಗ್ಯಾರೇಜಿನ ಹೆಸರು ಹೇಳಿ ಎಂಟು ಸಾಲಿನ ಟಿಪ್ಪಣಿಯೊಂದನ್ನು ಹಾಕಲಾಗಿದೆ. ಹಿಂದಿನಿಂದ ಮಾಡಿದೆನೆಂದು ಆಗಬಾರದು, ಅದಕ್ಕಾಗಿ ತಿಳಿಸಿದ್ದೇನೆ.

ಇತಿ,
ಸಂಕಪ್ಪ


ಫರಂಗಿಪೇಟೆ
6 ಆಗಸ್ಟ್ 2024

ಸಂಕಪ್ಪಣ್ಣ,

ನಿಮ್ಮ ಎಂಟು ಸಾಲು ನನಗೆ ಓದಲಿಕ್ಕೆ ಸಿಕ್ಕಿತು. ನಿಮ್ಮ ಗುಂಪಿನಿಂದ ಅಲ್ಲ. ಟಯರ್ ಅಂಗಡಿಯ ಉಮ್ಮರ್ ತಂದು ತೋರಿಸಿದ. ಅವನಿಗೆ ಮಗನ ಕಾಲೇಜಿನ ಗುಂಪಿನಿಂದ ಬಂದದ್ದು. ಅಲ್ಲಿಗೆ ಬರುವಾಗ ಅದರಲ್ಲಿ ಒಂಬತ್ತು ಸಾಲು ಇತ್ತು.

ಒಂಬತ್ತನೇ ಸಾಲು: "ನಮ್ಮ ಗಾಡಿ ನಮ್ಮವರ ಕೈಯಲ್ಲೇ ಇರಲಿ."

ಆ ಸಾಲು ನಿಮ್ಮದಲ್ಲ ಅಂತ ಯಾರೂ ಹೇಳದೆ ನನಗೆ ಗೊತ್ತಾಯಿತು. ನಿಮ್ಮ ಕನ್ನಡ ನನಗೆ ಗೊತ್ತಿಲ್ಲವಾ. ಆದರೆ ಒಂಬತ್ತನೆಯದು ಕೂತುಕೊಳ್ಳಲಿಕ್ಕೆ ಎಂಟು ಸಾಲಿನ ಬೆಂಚು ಹಾಕಿ ಕೊಟ್ಟವರು ನೀವು.

ಇಲ್ಲಿಯ ಒಂದು ಶಾಲೆಯ ಮೂರು ವ್ಯಾನ್ ಆರು ವರ್ಷದಿಂದ ನಮ್ಮಲ್ಲಿ ಬರ್ತಿತ್ತು. ಈ ತಿಂಗಳು ಬರಲಿಲ್ಲ. ಕೇಳಿದರೆ "ಪೇರೆಂಟ್ಸ್ ಮೀಟಿಂಗಲ್ಲಿ ಮಾತು ಬಂತು ಮಾರಾಯ್ರೆ" ಅಂತಾರೆ. ನಿನ್ನೆ ಒಬ್ಬರು ಕಾರ್ ನಿಲ್ಲಿಸಿ, ಇಳಿಯದೆ, "ಆ ಬ್ರೇಕಿನ ಗ್ಯಾರೇಜ್ ಇದೇವಾ" ಅಂತ ಕೇಳಿದರು. ಹೌದು ಅಂದೆ. ಗಾಜು ಏರಿಸಿ ಹೋದರು. ಇನ್ನು ನನ್ನ ಹೆಸರು ಅದು. ಮೂವತ್ತೆಂಟು ವರ್ಷ ನೆಟ್ಟು ಬೋಲ್ಟು ಹಿಡಿದ ಕೈಗೆ.

ನಾವು ಪರಿಚಯ ಆದದ್ದು ಹೇಗೆ ನೆನಪುಂಟಾ? ನನ್ನ ಮನೆ ಜಾಗದ ಅರ್ಜಿಗೆ ನಿಮ್ಮ ಆಫೀಸಿನಿಂದ ಕಾಗದ ಬಂದಿತ್ತು, "ಅರ್ಜಿಯನ್ನು ತಿರಸ್ಕರಿಸಲಾಗಿದೆ" ಅಂತ. ನಾನು ಅದನ್ನು ಹಿಡಿದುಕೊಂಡು ನಿಮ್ಮ ಮೇಜಿಗೆ ಬಂದು ಕೇಳಿದೆ, "ತಿರಸ್ಕರಿಸಿದ್ದು ಯಾರು ಸಾರ್? ಅವರ ಹತ್ತಿರ ಮಾತಾಡಬೇಕು." ನೀವು ಕನ್ನಡಕ ತೆಗೆದು ನಕ್ಕಿರಿ. "ಇಲ್ಲಿ ಯಾರೂ ಏನೂ ಮಾಡುವುದಿಲ್ಲ ಬ್ಯಾರಿ, ಎಲ್ಲ ತನ್ನಷ್ಟಕ್ಕೆ ಆಗ್ತದೆ" ಅಂದಿರಿ. ಆಮೇಲೆ ಮೂರು ತಿಂಗಳು ಓಡಾಡಿ ನನ್ನ ಕೆಲಸ ಮಾಡಿಸಿದ್ದು ನೀವೇ. ನೆರೆ ಬಂದು ನಿಮ್ಮ ರೆಕಾರ್ಡ್ ರೂಮಿಗೆ ನೀರು ನುಗ್ಗಿದ ದಿನ ಕಡತ ಎಲ್ಲ ಯಾರ ಜೀಪಿನಲ್ಲಿ ಹೋಯಿತು ಅಂತ ನಾನು ಹೇಳುವುದಿಲ್ಲ. ಅದೂ ತನ್ನಷ್ಟಕ್ಕೆ ಹೋಗಿರಬೇಕು.

ನನಗೆ ಬೇಕಾದದ್ದು ಒಂದೇ. ನನ್ನ ಕೆಲಸದಲ್ಲಿ ತಪ್ಪು ಎಲ್ಲಿ ಅಂತ ತೋರಿಸಿ. ತೋರಿಸಲಿಕ್ಕೆ ಆಗದಿದ್ದರೆ, ಶುಕೂರನ ತಪ್ಪಿಲ್ಲ ಅಂತ ಅದೇ ಗುಂಪಿನಲ್ಲಿ ಬರೆದು ಹಾಕಿ.

ಶುಕೂರ್


ಮೂಡುಬಿದಿರೆ
12 ಆಗಸ್ಟ್ 2024

ಶ್ರೀ ಅಬ್ದುಲ್ ಶುಕೂರ್ ಅವರಿಗೆ,

ಒಂಬತ್ತನೆಯ ಸಾಲು ನನ್ನದಲ್ಲ. ಅದನ್ನು ಸೇರಿಸಿದವರು ಯಾರೆಂದು ವಿಚಾರಿಸಲಾಗುತ್ತಿದೆ. ನನ್ನದಲ್ಲದ ಸಾಲಿಗೆ ನನ್ನನ್ನು ಹೊಣೆ ಮಾಡುವುದು ಅನ್ಯಾಯ.

ಎಂಟು ಸಾಲುಗಳಲ್ಲಿ ಒಂದಕ್ಷರವನ್ನೂ ಹಿಂತೆಗೆಯುವುದಿಲ್ಲ. ಸುಪ್ರೀತಾಳಿಗೆ ಇನ್ನೂ ಸೀಮೆಸುಣ್ಣ ಹಿಡಿಯಲು ಆಗುತ್ತಿಲ್ಲ. ವಿಸ್ಮಿತಾ ಬಸ್ಸಿನಲ್ಲಿ ಇಳಿಜಾರು ಬಂದರೆ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಾಳಂತೆ. ನಿಮ್ಮ ಗ್ಯಾರೇಜಿನ ಗಿರಾಕಿಗಳ ಲೆಕ್ಕವನ್ನು ನನಗೆ ಒಪ್ಪಿಸುವ ಮೊದಲು ಇದನ್ನು ನೆನೆಯಬೇಕಿತ್ತು. ಹಳೆಯ ಉಪಕಾರಗಳನ್ನು ಎಣಿಸಿ ತೋರಿಸುವುದೂ ನಿಮಗೆ ಶೋಭಿಸುವುದಿಲ್ಲ.

ಇಲ್ಲಿಯ ಗ್ಯಾರೇಜಿನವರು ಕೆಲಸ ಮಾಡಿ ಮೂರು ವಾರವಾಯಿತು. ವ್ಯಾನು ಚೆನ್ನಾಗಿ ಓಡುತ್ತಿದೆ. ತಪ್ಪು ಎಲ್ಲಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಇನ್ನು ಬರೆಯುವುದಿಲ್ಲ.

ಸಂಕಪ್ಪ


ಮೂಡುಬಿದಿರೆ
8 ಸೆಪ್ಟೆಂಬರ್ 2024

ಶುಕೂರಾಕ,

ಬರೆಯುತ್ತಿರುವುದು ಸುಪ್ರೀತಾ. ಅಪ್ಪನಿಗೆ ತಿಳಿಸಿಲ್ಲ. ಕೈ ಇನ್ನೂ ಪೂರ್ತಿ ತಿರುಗುವುದಿಲ್ಲ, ಅಕ್ಷರ ಓಲಾಡಿದರೆ ಅದು ಕಾರಣ.

ನಿಮ್ಮಿಬ್ಬರ ಕಾಗದಗಳನ್ನು ಓದಿದೆ. ಅಪ್ಪ ಅವನ್ನು ದಾರ ಕಟ್ಟಿ ಫೈಲು ಮಾಡಿದ್ದಾರೆ. ನಿಮ್ಮದರ ಮೇಲೆ ಆವಕ ಸಂಖ್ಯೆ, ತಮ್ಮದರ ಪ್ರತಿಯ ಮೇಲೆ ಜಾವಕ ಸಂಖ್ಯೆ. ಅದರಲ್ಲಿ ನನ್ನ ಕಾಲಿನ ವಿಷಯ ಬಹಳ ಉಂಟು. ನನ್ನನ್ನು ಕೇಳಿದವರಿಲ್ಲ. ನಿಮಗೆ ಅಷ್ಟು ಖಾರವಾಗಿ ಬರೆದ ಅಪ್ಪ ಅದೇ ವಾರ ನನ್ನ ಹತ್ತಿರವಿದ್ದ ವ್ಯಾನಿನ ಕೀ ತೆಗೆದು ಕಪಾಟಿನಲ್ಲಿಟ್ಟು, "ಪೆಡಲಿನ ಮೇಲೆ ಕಾಲಿಟ್ಟು ಓಡಿಸುವ ಅಭ್ಯಾಸ ಉಂಟಾ ನಿನಗೆ?" ಎಂದು ಕೇಳಿದರು. ನಿಮ್ಮ ಪ್ರಶ್ನೆ, ನಿಮ್ಮದೇ ಶಬ್ದ. ಕೀ ಈಗಲೂ ಅಲ್ಲೇ ಉಂಟು.

ಅಪ್ಪ ನಿಮಗೆ ಬರೆಯದ ಒಂದು ಸಂಗತಿ. ಆಗಸ್ಟ್ 21ಕ್ಕೆ ಬ್ರೇಕು ಮತ್ತೆ ಹಿಡಿಯಿತು. ಬಾಡಿಗೆ ಡ್ರೈವರ್ ಜಿತೇಶ್ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಹಿಂದಿನ ಚಕ್ರದಿಂದ ಹೊಗೆ ಬಂತು. ಸಮತಟ್ಟು ರಸ್ತೆ, ಯಾರಿಗೂ ಏನೂ ಆಗಲಿಲ್ಲ. ಈಗ ದುರಸ್ತಿ ಮಾಡಿದವರು ನೀವಲ್ಲ, ಓಡಿಸಿದವಳು ನಾನಲ್ಲ. ಉಳಿದದ್ದು ಏನು?

ನಾನು ಗಣಿತ ಕಲಿಸುವವಳು. ತಾರೀಕುಗಳನ್ನು ಒಂದು ಸಾಲಿನಲ್ಲಿ ಬರೆದೆ. ಎಲ್ಲವೂ ತಿಂಗಳ ಹದಿನೇಳರ ನಂತರ. ಹಾಗಾದರೆ ತಿಂಗಳ ಮೊದಲಿಗೆ ಏನೋ ಆಗುತ್ತಿದೆ. ಸೆಪ್ಟೆಂಬರ್ ಒಂದು ಭಾನುವಾರ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನೋಡಿದೆ.

ಅಪ್ಪ ಟಾರ್ಚು, ಒಗೆದ ಬಟ್ಟೆ, ಸಣ್ಣ ಸ್ಟೀಲಿನ ಆಲಿಕೆ ತಂದರು. ಬ್ರೇಕಿನ ಬಿಳಿ ಡಬ್ಬಿಯ ಮುಚ್ಚಳ ಒರೆಸಿದರು. ಅದರ ಮೇಲೆ ಅವರದೇ ಚೀಟಿ: "ನಿಲುಗಡೆ ಎಣ್ಣೆ. ಗೆರೆಯವರೆಗೆ." ಕನ್ನಡಕ ಹಾಕಿ ತಮ್ಮ ಚೀಟಿಯನ್ನು ತಾವೇ ಓದಿಕೊಂಡರು. ಆಮೇಲೆ ಹಿಂದಿನ ಸೀಟಿನ ಕೆಳಗಿನಿಂದ ಕಪ್ಪು ಕ್ಯಾನು ತೆಗೆದು, ತೀರ್ಥ ಕೊಡುವ ಹಾಗೆ ಒಂದೆರಡು ಚಮಚದಷ್ಟು ಸುರಿದರು. ಕ್ಯಾನಿನ ಮೇಲೆ ಅಸ್ಕರಣ್ಣ ಮಾರ್ಕರಿನಲ್ಲಿ "ಆಯಿಲ್" ಎಂದು ಬರೆದದ್ದು ಕಾಣುತ್ತಿತ್ತು.

ಅದು ಎಂಜಿನ್ ಆಯಿಲ್, ಶುಕೂರಾಕ. ಫೆಬ್ರವರಿಯಲ್ಲಿ ನಿಮ್ಮಲ್ಲಿ ಬದಲಾಯಿಸಿ ಉಳಿದದ್ದು. "ಬಾಕಿ ಆಯಿಲ್ ಹಿಂದೆ ಇಟ್ಟಿದ್ದೇನೆ, ಕಮ್ಮಿ ಆದರೆ ಹಾಕಿ" ಎಂದು ನೀವು ಹೇಳುವಾಗ ನಾನೂ ಅಲ್ಲೇ ನಿಂತಿದ್ದೆ. ಅದೇ ಉಸಿರಿನಲ್ಲಿ "ಬ್ರೇಕ್ ಆಯಿಲ್ ಕೂಡ ನೋಡ್ತಾ ಇರಿ" ಎಂದಿರಿ.

"ಅಪ್ಪ, ಅದು ಬೇರೆ, ಇದು ಬೇರೆ" ಎಂದೆ.

"ಎಣ್ಣೆ ಅಂದರೆ ಎಣ್ಣೆ. ಶುಕೂರನೇ ಹೇಳಿದ್ದು."

ಇಂಗ್ಲಿಷ್ ಪುಸ್ತಕ ತಂದು ಓದಿದೆ. ಅದರಲ್ಲಿ ಬ್ರೇಕಿಗೆ ಇರುವ ಶಬ್ದ ಫ್ಲೂಯಿಡ್. ಅಲ್ಲಿ ಎಣ್ಣೆ ಎಂಬ ಮಾತು ಬರುವುದು ಒಂದೇ ಕಡೆ, ದಪ್ಪ ಅಕ್ಷರದ ಎಚ್ಚರಿಕೆಯಲ್ಲಿ: ಯಾವ ಎಣ್ಣೆಯನ್ನೂ ಹಾಕಬಾರದು. ನಿಮ್ಮ ಗ್ಯಾರೇಜಿನಲ್ಲಿ ಎಲ್ಲರೂ ಆಯಿಲ್ ಅನ್ನುತ್ತೀರಲ್ಲ, ಅದನ್ನೇ ನಂಬಿ ಅಪ್ಪ ಫ್ಲೂಯಿಡನ್ನೂ ಎಣ್ಣೆ ಮಾಡಿದ್ದರು. ಎರಡೂ ಎಣ್ಣೆ ಆದ ಮೇಲೆ ಎಚ್ಚರಿಕೆಗೆ ಅರ್ಥ ಉಳಿಯಲಿಲ್ಲ. ಅದನ್ನು "ಬೇರೆ ಎಣ್ಣೆ ಬಳಸಬಾರದು" ಎಂದು ತಿದ್ದಿದ್ದರು. ಬೇರೆ ಎಂದರೆ ತೆಂಗಿನೆಣ್ಣೆ, ಸೀಮೆಎಣ್ಣೆ. ನೀವು ಕೊಟ್ಟದ್ದು ಅವರಿಗೆ ಬೇರೆ ಆಗಿರಲಿಲ್ಲ.

ಆ ಸಾಲನ್ನು ಅಪ್ಪನಿಗೆ ತೋರಿಸಿದೆ. ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಳಗೆ ಹೋದರು.

ನೀವು ಆಯಿಲ್ ಅಂದಿರಿ. ಅವರು ಎಣ್ಣೆ ಅಂತ ಬರೆದರು. ಆ ಚೀಟಿಯನ್ನು ಮೂರು ಸಲ ಕಣ್ಣೆದುರು ಇಟ್ಟುಕೊಂಡು ನೀವು ಕೆಲಸ ಮಾಡಿದಿರಿ, ನಕ್ಕಿರಿ. ಇಬ್ಬರು ದೊಡ್ಡ ಮನುಷ್ಯರ ನಡುವೆ ಒಂದು ಶಬ್ದ. ವೇಣೂರಿನ ಇಳಿಜಾರಿನಲ್ಲಿ ಇಳಿದದ್ದು ನಾನು ಮತ್ತು ನನ್ನ ಮಗಳು. ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟುಂಟು. ಅಪ್ಪನ ಮೇಲೆ ಸ್ವಲ್ಪ ಹೆಚ್ಚು.

ಸುಪ್ರೀತಾ


ಫರಂಗಿಪೇಟೆ
13 ಸೆಪ್ಟೆಂಬರ್ 2024

ಮಗಳೇ ಸುಪ್ರೀತಾ,

ಮೊದಲು ಕೆಲಸದ ಮಾತು. ವ್ಯಾನ್ ಅಂಗಳದಿಂದ ಒಂದಡಿಯೂ ಅಲುಗಬಾರದು. ಆ ಆಯಿಲ್ ಮುಟ್ಟಿದ ಪೈಪು, ರಬ್ಬರ್, ಡಬ್ಬಿ, ಎಲ್ಲ ಹೊಸತು ಹಾಕಬೇಕು. ಬರೀ ತೊಳೆದರೆ ಆಗುವುದಿಲ್ಲ.

ನಿನ್ನ ಕಾಲಿನ ಬಗ್ಗೆ ಕೇಳಿದ್ದು ತಪ್ಪು. ಕೇಳುವುದಾದರೆ ನಿನ್ನ ಹತ್ತಿರ ಕೇಳಬೇಕಿತ್ತು.

ಚೀಟಿ ನಾನು ಓದಿದ್ದು ಹೌದು. "ನಿಲುಗಡೆ ಎಣ್ಣೆ" ಅಂತ ಅಸ್ಕರನಿಗೂ ಓದಿ ಹೇಳಿ ನಕ್ಕಿದ್ದೆವು. ನೀವೇ ಕೊಟ್ಟದ್ದರಿಂದ ತುಂಬಲಾಗಿದೆ ಅಂತ ನಿನ್ನ ಅಪ್ಪ ಜುಲೈಯಲ್ಲಿ ಬರೆದಿದ್ದರು. ಬ್ರೇಕ್ ಆಯಿಲ್ ನಾನು ಅವರಿಗೆ ಯಾವಾಗ ಕೊಟ್ಟೆ ಅಂತ ಆಗಲೇ ನನ್ನ ತಲೆಗೆ ಹೋಗಬೇಕಿತ್ತು. ಸಿಟ್ಟಿನಲ್ಲಿ ಓದಿದೆ, ಹೋಗಲಿಲ್ಲ. ನನ್ನ ಪಾಲಿನ ತಪ್ಪು ಇಷ್ಟು. ಇದನ್ನು ಯಾರ ಎದುರು ಬೇಕಾದರೂ ಹೇಳ್ತೇನೆ.

ಆದರೆ ನಿನ್ನ ಅಪ್ಪನಿಗೆ ನಾನು ಫೋನ್ ಮಾಡುವುದಿಲ್ಲ. ನೂರು ಜನರ ಎದುರು ಬರೆದದ್ದನ್ನು ನೂರು ಜನರ ಎದುರು ಅವರೇ ಬರೆದು ತೆಗೆಯಬೇಕು. ನಾನು ಕಾಯ್ತೇನೆ.

ಶುಕೂರಾಕ


ಮೂಡುಬಿದಿರೆ
3 ಅಕ್ಟೋಬರ್ 2024

ಶ್ರೀ ಅಬ್ದುಲ್ ಶುಕೂರ್ ಅವರಿಗೆ,

ನೀವು ಕೇಳಿದ್ದನ್ನು ಕೆಳಗೆ ಬರೆದಿದ್ದೇನೆ. ನಿಮ್ಮ ಒಪ್ಪಿಗೆ ಬಂದ ಕೂಡಲೇ ಗುಂಪಿನಲ್ಲಿ ಪ್ರಕಟಿಸಲಾಗುವುದು.

"ಸಂಬಂಧಪಟ್ಟ ಎಲ್ಲರ ಗಮನಕ್ಕೆ. ಈ ಹಿಂದೆ ಪ್ರಸ್ತಾಪಿಸಲಾದ ವ್ಯಾನಿನ ಬ್ರೇಕಿನ ವಿಷಯವನ್ನು ಪುನರ್ ಪರಿಶೀಲಿಸಲಾಗಿ, ಬ್ರೇಕಿನ ಡಬ್ಬಿಗೆ ಕಣ್ತಪ್ಪಿನಿಂದ ಎಂಜಿನಿನ ಎಣ್ಣೆಯನ್ನು ಸುರಿಯಲಾಗಿದ್ದುದು ಕಂಡುಬಂದಿರುತ್ತದೆ. ಆದ್ದರಿಂದ ಸದರಿ ಗ್ಯಾರೇಜಿನ ಕೆಲಸದಲ್ಲಿ ಲೋಪ ಇರಲಿಲ್ಲವೆಂದು ಭಾವಿಸಬಹುದಾಗಿದೆ. ಉಂಟಾದ ಅನಾನುಕೂಲಕ್ಕೆ ವಿಷಾದಿಸಲಾಗಿದೆ."

ಇತಿ,
ಸಂಕಪ್ಪ


ಫರಂಗಿಪೇಟೆ
9 ಅಕ್ಟೋಬರ್ 2024

ಸಂಕಪ್ಪಣ್ಣ,

ನಿಮ್ಮ ಕಾಗದ ಹಿಂದೆ ಕಳಿಸಿದ್ದೇನೆ. ಇದರ ಜತೆಗೇ ಉಂಟು.

ಬೀಯಮ್ಮನಿಗೆ ಓದಿ ಹೇಳಿದೆ. ಅವಳು ಎಲ್ಲ ಕೇಳಿ, "ಅಲ್ಲ, ಸುರಿದದ್ದು ಯಾರಂತೆ?" ಅಂದಳು. ನಾನು ಇನ್ನೊಮ್ಮೆ ಓದಿದೆ. ಈ ಕಾಗದದಲ್ಲಿ ಜನವೇ ಇಲ್ಲ. ಪರಿಶೀಲಿಸಲಾಗಿ, ಸುರಿಯಲಾಗಿ, ವಿಷಾದಿಸಲಾಗಿದೆ. ಎಣ್ಣೆ ತನ್ನಷ್ಟಕ್ಕೆ ಕ್ಯಾನಿನಿಂದ ಎದ್ದು ಹೋಗಿ ಡಬ್ಬಿಗೆ ಬಿತ್ತಾ?

ನಿಮ್ಮ ಮೊದಲ ಕಾಗದ ತೆಗೆದು ನೋಡಿ, ಪ್ರತಿ ಇಟ್ಟಿದ್ದೀರಲ್ಲ. ನನ್ನ ತಪ್ಪು ಬರೆಯುವಾಗ "ನೀವು ಸರಿಯಾಗಿ ಮಾಡಿಲ್ಲ" ಅಂತ ಬಂದಿದೆ. ಅಲ್ಲಿ "ನೀವು" ಉಂಟು. ನಿಮ್ಮದು ಬರೆಯುವಾಗ "ಲಾಗಿದೆ". ನಿಮಗೆ ಕನ್ನಡ ಬರುವುದಿಲ್ಲ ಅಂತ ಹೇಳಬೇಡಿ.

ನಾನು ಇಷ್ಟು ಸಿಟ್ಟು ಮಾಡುವುದು ನನ್ನ ಬಗ್ಗೆ ಮಾತ್ರ ಅಲ್ಲ. ಇದನ್ನು ಗುಂಪಿನಲ್ಲಿ ಓದಿದವರು ಏನು ತಿಳೀತಾರೆ ಯೋಚಿಸಿದ್ದೀರಾ? ವ್ಯಾನ್ ಓಡಿಸುವವಳು ನಿಮ್ಮ ಮನೆಯಲ್ಲಿ ಒಬ್ಬಳೇ. "ಪಾಪ, ಹೆಂಗಸು, ಗೊತ್ತಾಗದೆ ಸುರಿದಿರಬೇಕು" ಅಂತ ಹೇಳ್ತಾರೆ. ಕೈ ಮುರಿದದ್ದು ಅವಳದು, ಕೀ ತೆಗೆದದ್ದು ಅವಳ ಹತ್ತಿರದಿಂದ, ಈಗ ಎಣ್ಣೆಯೂ ಅವಳ ತಲೆಗೆ. ನೀವು ಹಾಗೆ ಬರೆದಿಲ್ಲ, ನನಗೆ ಗೊತ್ತು. ಆದರೆ ನಿಮ್ಮ ವಾಕ್ಯದಲ್ಲಿ ಒಂದು ಕುರ್ಚಿ ಖಾಲಿ ಉಂಟು. ಜನ ಅದರಲ್ಲಿ ಅವಳನ್ನು ಕೂರಿಸ್ತಾರೆ. ಒಂಬತ್ತನೇ ಸಾಲು ಕೂತದ್ದು ಹೀಗೇ ಅಲ್ಲವಾ.

ಜನ ಇರುವ ವಾಕ್ಯ ಬರೆದು ಕಳಿಸಿ. ಇಲ್ಲದಿದ್ದರೆ ಬೇಡ. ನನ್ನ ಹೆಸರು ಹಾಳಾದ ಹಾಗೆಯೇ ಇರಲಿ.

ಶುಕೂರ್


ಮೂಡುಬಿದಿರೆ
24 ನವೆಂಬರ್ 2024

ಶುಕೂರ್,

ನಾನು ಸುರಿದೆ.

ಮಾರ್ಚಿನಿಂದ ಜೂನಿನವರೆಗೆ ನಾಲ್ಕು ಸಲ. ಆಮೇಲೆ ಆಗಸ್ಟಿನಲ್ಲಿ, ಸೆಪ್ಟೆಂಬರಿನಲ್ಲಿ. ಗೆರೆಗಿಂತ ಕೂದಲೆಳೆಯಷ್ಟು ಕೆಳಗಿದ್ದರೂ ಸುರಿದೆ. ಚೀಟಿ ನಾನು ಬರೆದೆ. ಎಚ್ಚರಿಕೆಯ ವಾಕ್ಯವನ್ನು ಅರ್ಥವಾಗದೆ ನಾನು ತಿದ್ದಿದೆ. ಅರ್ಥವಾಗಿಲ್ಲವೆಂದು ನಿಮ್ಮನ್ನು ಕೇಳಲು ನನಗೆ ಅಭಿಮಾನ ಅಡ್ಡ ಬಂತು. ನಿಮ್ಮ ಹೆಸರು ನಾನು ಕೆಡಿಸಿದೆ. ಮಗಳ ಕೈಯಿಂದ ಕೀ ನಾನು ಕಿತ್ತುಕೊಂಡೆ.

ಇಷ್ಟು ಬರೆಯಲು ಆರು ವಾರ ಹಿಡಿಯಿತು. ಪ್ರತಿ ಸಲ ಕೂತಾಗಲೂ ಕೈ ತನ್ನಷ್ಟಕ್ಕೆ "ಲಾಗಿದೆ" ಎಂದು ಮುಗಿಸುತ್ತಿತ್ತು. ಇಲ್ಲ, ಕೈ ಅಲ್ಲ. ನಾನು ಮುಗಿಸುತ್ತಿದ್ದೆ.

ಇನ್ನೊಂದು ಉಂಟು. ಅದನ್ನು ನೀವು ಕೇಳಿಲ್ಲ. ಒಂಬತ್ತನೆಯ ಸಾಲು ಸೇರಿಸಿದವನು ಯಾರೆಂದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. "ವಿಚಾರಿಸಲಾಗುತ್ತಿದೆ" ಎಂದು ನಿಮಗೆ ಬರೆದದ್ದು ಸುಳ್ಳು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕುಳಿತವನು. ಸೇರಿಸಿ, ನನಗೆ ಫೋನು ಮಾಡಿ, "ಹೇಗುಂಟು?" ಎಂದು ಕೇಳಿದ್ದ. ನಾನು ಏನೂ ಹೇಳಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಆ ಸಾಲು ನನಗೆ ಆ ಹೊತ್ತಿಗೆ ಅಷ್ಟೊಂದು ಕೆಟ್ಟದಾಗಿ ಕೇಳಿಸಲಿಲ್ಲ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಬರುತ್ತಿರುವ ಸಿಟ್ಟಿಗೆ ಹೆಸರಿಲ್ಲ.

ನಾನು ಸುರಿದ ವಿಷಯವನ್ನೂ, ಒಂಬತ್ತನೆಯ ಸಾಲಿನ ವಿಷಯವನ್ನೂ, ಅವನ ಹೆಸರು ಬಿಟ್ಟು, ಕೈಬರಹದಲ್ಲೇ ಬರೆದು ಫೋಟೋ ತೆಗೆದು ನಿನ್ನೆ ಗುಂಪಿನಲ್ಲಿ ಹಾಕಿದ್ದೇನೆ. ಹೆಸರು ಬಿಟ್ಟದ್ದು ಅವನನ್ನು ಉಳಿಸಲಿಕ್ಕಲ್ಲ. ಕಾಗದ ನನ್ನದು, ಕುರ್ಚಿಯಲ್ಲಿ ನಾನೇ ಕೂರಬೇಕು. ನೂರಾ ಹದಿನಾಲ್ಕು ಜನ ಓದಿದ್ದಾರೆ. ನಾಲ್ಕು ಜನ ಹೆಬ್ಬೆರಳು ತೋರಿಸಿದ್ದಾರೆ. ಅವನು ಫೋನು ಮಾಡಿ, "ಇದೆಲ್ಲ ಬೇಕಿತ್ತಾ? ಅವರ ಎದುರು ನಮ್ಮ ಮರ್ಯಾದೆ ತೆಗೆದಿರಿ" ಎಂದ. "ಯಾರ ಮರ್ಯಾದೆ ಎಂದು ಹೆಸರು ಹೇಳಿ ಮಾತಾಡು" ಎಂದೆ. ಇಟ್ಟುಬಿಟ್ಟ.

ಕೀ ಸುಪ್ರೀತಾಳ ಕೈಗೆ ಕೊಟ್ಟೆ. ಅವಳು ತೆಗೆದುಕೊಂಡಳು.

ಸಂಕಪ್ಪ


ಫರಂಗಿಪೇಟೆ
30 ನವೆಂಬರ್ 2024

ಸಂಕಪ್ಪಣ್ಣ,

ಕಾಗದ ಬಂತು. ಗುಂಪಿನಲ್ಲಿ ಹಾಕಿದ್ದನ್ನೂ ನೋಡಿದೆ. ಉಮ್ಮರನೇ ತಂದು ತೋರಿಸಿದ. ಈ ಸಲ ಯಾರೂ ಯಾವ ಸಾಲನ್ನೂ ಸೇರಿಸಿಲ್ಲ. ಇದನ್ನು ಯಾರೂ ಹೆಚ್ಚು ದೂರ ಕಳಿಸಲೂ ಇಲ್ಲ. ಎಂಟು ಸಾಲಿಗೆ ಇದ್ದ ಕಾಲು ಇದಕ್ಕಿಲ್ಲ.

ಶಾಲೆಯವರು ಬರಲಿಲ್ಲ. ಗಾಜು ಏರಿಸಿ ಹೋದವರೂ ಬರಲಿಲ್ಲ. ಬರುತ್ತಾರೆ, ಬಿಡಿ, ಅಂತ ನಾನು ನಿಮಗೆ ಹೇಳುವುದಿಲ್ಲ. ನಿಮಗೆ ಸಮಾಧಾನ ಮಾಡುವ ಕೆಲಸ ನನ್ನದಲ್ಲ.

ಪಕ್ಕದ ಮೇಜಿನವನ ವಿಷಯ ಬರೆಯದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಆದರೂ ಬರೆದಿರಿ.

ವ್ಯಾನನ್ನು ಎಳೆದು ತರಲಿಕ್ಕೆ ಗುರುವಾರ ಅಸ್ಕರ್ ಬರ್ತಾನೆ. ಕೆಲಸ ಮುಗಿಯಲಿಕ್ಕೆ ಹತ್ತು ದಿನ ಬೇಕು. ತೆಗೆದುಕೊಂಡು ಹೋಗಲಿಕ್ಕೆ ಸುಪ್ರೀತಾ ಬರಲಿ, ವಿಸ್ಮಿತಾಳನ್ನೂ ಕರೆದುಕೊಂಡು ಬರಲಿ. ಬ್ರೇಕ್ ಹೇಗೆ ಹಿಡೀತದೆ, ಹೇಗೆ ಬಿಡ್ತದೆ ಅಂತ ಅವಳಿಗೆ ಬಿಚ್ಚಿ ತೋರಿಸ್ತೇನೆ. ನೋಡಿದರೆ ಹೆದರಿಕೆ ಕಮ್ಮಿ ಆಗಬಹುದು. ನೀವು ಬರಬೇಡಿ. ನನ್ನ ಸಿಟ್ಟು ಇನ್ನೂ ಉಂಟು. ಇಳಿದ ದಿನ ನಾನೇ ಫೋನ್ ಮಾಡ್ತೇನೆ. ಆಗ ಎತ್ತಿ.

ಡಬ್ಬಿಯ ಮುಚ್ಚಳಕ್ಕೆ ಹೊಸ ಚೀಟಿ ಬೇಕು. ಅಸ್ಕರನ ಅಕ್ಷರ ಕೋಳಿ ಕೆದರಿದ ಹಾಗೆ. ನಿಮ್ಮದು ಅಚ್ಚಿನ ಹಾಗೆ ಉಂಟು, ನೀವೇ ಬರೆದು ಸುಪ್ರೀತಾಳ ಕೈಯಲ್ಲಿ ಕಳಿಸಿ. ಮಾತು ನಾನು ಹೇಳ್ತೇನೆ, ಇಷ್ಟೇ ಬರೆಯಿರಿ:

"ಬ್ರೇಕ್ ಫ್ಲೂಯಿಡ್. ಇದಕ್ಕೆ ಶುಕೂರ್ ಮಾತ್ರ ಹಾಕುತ್ತಾನೆ. ಸಂಕಪ್ಪ ಹಾಕುವುದಿಲ್ಲ."

ಇದನ್ನು ಕನ್ನಡ ಮಾಡಬೇಡಿ.

ಶುಕೂರ್